ಉಪ್ಪು ಒಗೀಬೇಕೋ, ಹಾಕಬೇಕೋ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸ್ಪ್ಯಾನಿಷ್ ಕ್ರಿಯಾಪದದ ಬೆನ್ನು ಹತ್ತಿವೆ. ಹಾಗಾಗಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಸ್ಪ್ಯಾನಿಷ್ ಮಾತುಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ತ, ದ ಬಂದಲ್ಲಿ ನಮ್ಮ ತ, ದ ಹೇಗೋ ಹಾಗೆಯೇ ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಓದಿ. ಇಂಗ್ಲಿಷ್ ಓದಿದ ರೂಢಿಯಲ್ಲಿ ಟ, ಡ ಮಾಡಬೇಡಿ. ಈ ಒಂದು ವಿಷಯದಲ್ಲಿ ಕನ್ನಡದವರಿಗೆ ಇಂಗ್ಲಿಷಿನವರಿಗಿಂತ ಸ್ಪ್ಯಾನಿಷ್ ಸಲೀಸು.

ಪ್ರಶ್ನೆ: ನಾನು ಮೊಬೈಲಿನಾಗ ಸ್ಪ್ಯಾನಿಷ್ ಕಲಿಯಾಕ ಹತ್ತೀನಿ. 'ಎಚಾರ್' ಅನ್ನೋ ಪದಕ್ಕ 'ಒಗಿ, ಎಸಿ' ಅಂತ ಅರ್ಥ ಬರಕೊಂಡೀನಿ. ಆಮ್ಯಾಲ ಅಡಗಿ ವಿಡಿಯೊದಾಗ ಒಬ್ಬಾಕಿ 'ಎಚಾ ಸಾಲ್' ಅಂದ್ಲು. ಸಾಲ್ ಅಂದ್ರ ಉಪ್ಪು. ಉಪ್ಪು ಒಗಿ ಅಂತಾಳೇನು? ಇನ್ನೊಂದು ಪಾಠದಾಗ 'ಎಚಾರ್ ಲಾ ಯಾವೆ' ಅಂತ ಬಂತು. ಕೀಲಿಕೈ ಯಾಕ ಒಗೀಬೇಕು? ವಯಸ್ಸು ಕೇಳೋ ಮಾತಿನಾಗೂ ಇದೇ ಪದ. ತಲಿ ಕೆಟ್ಟು ಹೋಗ್ಯದ. ಇದಕ್ಕ ಖರೇ ಅರ್ಥ ಒಂದು ಹೇಳ್ರಿ.
— ಓದುಗರೊಬ್ಬರು, ಬಸವನಬಾಗೇವಾಡಿ

ಉತ್ತರ: ಒಂದೇ ಅರ್ಥ ಕೇಳಿದ್ದೀರಿ, ಅದನ್ನೇ ಕೊಡಲಾರೆ. ಆದರೆ ನೀವು ಬರೆದುಕೊಂಡಿದ್ದನ್ನು ಹೊಡೆದು ಹಾಕಬೇಡಿ, ಅದೂ ಸರಿಯೇ. ಎಚಾರ್ ಬಂದದ್ದು ಲ್ಯಾಟಿನ್ನಿನ 'ಯಾಕ್ತಾರೆ'ಯಿಂದ, ಅಲ್ಲಿ ಅದಕ್ಕೆ ಎಸೆಯುವುದು ಅಂತಲೇ ಅರ್ಥ. ಶತಮಾನಗಟ್ಟಲೆ ಜನರ ಬಾಯಲ್ಲಿ ಉರುಳಿ ಉರುಳಿ ಅದು ಅಡುಗೆಮನೆಗೂ ಬಂತು, ಬಾಗಿಲಿಗೂ ಬಂತು, ಪೆಟ್ರೋಲ್ ಬಂಕಿಗೂ ಬಂತು.

ಈಗ ನಾನು 'ಹೊಡೆದು ಹಾಕಬೇಡಿ' ಅಂದೆನಲ್ಲ, ಅಲ್ಲಿ ನೀವು ತಡವರಿಸಲಿಲ್ಲ. 'ಹಾಕು' ಅನ್ನುವ ನಮ್ಮ ಪದವನ್ನು ಸ್ವಲ್ಪ ಹೊರಗಿನವರ ಕಣ್ಣಿನಿಂದ ನೋಡಿ. ನಮ್ಮ ಕಡೆ ಬೆಳಗ್ಗೆ ಎದ್ದ ಹೆಣ್ಣುಮಗಳು ಗಿಡಕ್ಕೆ ನೀರು ಹಾಕುತ್ತಾಳೆ, ಅಂಗಳಕ್ಕೆ ರಂಗೋಲಿ ಹಾಕುತ್ತಾಳೆ, ಎಮ್ಮೆಗೆ ಮೇವು ಹಾಕುತ್ತಾಳೆ, ಚಹಾಕ್ಕೆ ಸಕ್ಕರಿ ಹಾಕುತ್ತಾಳೆ, ಮನೆಗೆ ಕೀಲಿ ಹಾಕುತ್ತಾಳೆ, ಗಾಡಿಗೆ ಪೆಟ್ರೋಲ್ ಹಾಕಿಸುತ್ತಾಳೆ, ಬ್ಯಾಂಕಿನಲ್ಲಿ ಸಹಿ ಹಾಕುತ್ತಾಳೆ, ತಹಶೀಲ್ದಾರ್ ಕಚೇರಿಗೆ ಅರ್ಜಿ ಹಾಕುತ್ತಾಳೆ, ಸಂಜೆ ಖರ್ಚಿನ ಲೆಕ್ಕ ಹಾಕುತ್ತಾಳೆ. ಯಾರಾದರೂ ಪರದೇಶದವರು ಬಂದು 'ಹಾಕು ಅಂದರೆ ಏನು, ಒಂದೇ ಮಾತಿನಲ್ಲಿ ಹೇಳಿ' ಅಂದರೆ ಏನು ಹೇಳುತ್ತೀರಿ?

ಖುಷಿಯ ಸಂಗತಿ ಏನೆಂದರೆ ಮೇಲಿನ ಪಟ್ಟಿಯಲ್ಲಿ ರಂಗೋಲಿ ಒಂದನ್ನು ಬಿಟ್ಟರೆ ಉಳಿದ ಎಲ್ಲಕ್ಕೂ ಸ್ಪೇನಿನವರು ಎಚಾರ್ ಅನ್ನಬಲ್ಲರು. ಗಿಡಕ್ಕೆ ನೀರು: 'ಎಚಾರ್ ಆಗ್ವಾ'. ದನಕ್ಕೆ, ಕೋಳಿಗೆ ತಿನ್ನಲು ಹಾಕುವುದು: 'ಎಚಾರ್ ದೆ ಕೊಮೆರ್'. ಪೆಟ್ರೋಲ್: 'ಎಚಾರ್ ಗಾಸೊಲಿನಾ'. ಲೆಕ್ಕ: 'ಎಚಾರ್ ಕ್ವೆಂತಾಸ್'. ಸಹಿ: 'ಎಚಾರ್ ಉನಾ ಫಿರ್ಮಾ', ಇದು ಆಡುಮಾತು, ಕಾಗದಪತ್ರದ ಭಾಷೆಯಲ್ಲಿ 'ಫಿರ್ಮಾರ್'. ಕೆಲಸಕ್ಕೆ ಅರ್ಜಿ: 'ಎಚಾರ್ ಲಾ ಸೊಲಿಸಿತೂದ್'. ಟಪಾಲು ಡಬ್ಬಿಗೆ ಪತ್ರ ಹಾಕುವುದೂ ಎಚಾರ್, ಬಾಗಿಲಿಗೆ ಚಿಲಕ ಹಾಕುವುದೂ ಎಚಾರ್. 'ಟೀವಿಯಾಗ ಏನು ಹಾಕ್ಯಾರ?' ಅಂತ ನಾವು ಕೇಳುವುದನ್ನು ಅವರು 'ಕೆ ಎಚಾನ್ ಎನ್ ಲಾ ತೆಲೆ?' ಅಂತಾರೆ.

ನಿಮ್ಮನ್ನು ಕಾಡಿದ 'ಯಾವೆ' ಬಗ್ಗೆ ಒಂದು ಮಾತು. ಲ್ಯಾಟಿನ್ನಿನಲ್ಲಿ ಕೀಲಿಕೈಗೆ 'ಕ್ಲಾವಿಸ್' ಅನ್ನುತ್ತಿದ್ದರು. ಅದೇ ಸ್ಪೇನಿನಲ್ಲಿ 'ಯಾವೆ' ಆಯಿತು, ಪೋರ್ಚುಗಲ್ಲಿನಲ್ಲಿ 'ಶಾವೆ' ಆಯಿತು. ಪೋರ್ಚುಗೀಸರು ಗೋವಾಕ್ಕೆ ತಂದ ಆ ಮಾತೇ ನಾವು ದಿನಾ ಅನ್ನುವ 'ಚಾವಿ'. ಅಂದರೆ 'ಎಚಾರ್ ಲಾ ಯಾವೆ' ಅನ್ನುವವನೂ 'ಚಾವಿ ಹಾಕು' ಅನ್ನುವವನೂ ಮಾಡುವ ಕೆಲಸ ಒಂದೇ, ಕೈಯಲ್ಲಿ ಹಿಡಿದ ಪದವೂ ಒಂದೇ ಮನೆತನದ್ದು. ನಮ್ಮ 'ಪಗಾರ' ಕೂಡ ಅದೇ ಹಡಗಿನಲ್ಲಿ ಬಂತು. 'ಸಾಬೂನು', 'ಮೇಜು' ಕೂಡ ಹಾಗೇ ಬಂದವು ಅನ್ನುವವರಿದ್ದಾರೆ, ಪಾರ್ಸಿಯಿಂದ ಬಂದವು ಅನ್ನುವವರೂ ಇದ್ದಾರೆ. ಸ್ಪ್ಯಾನಿಷಿನಲ್ಲಿ 'ಪಗಾರ್' ಅಂದರೆ ಹಣ ಕೊಡುವುದು, 'ಹಾಬೊನ್' ಸಾಬೂನು, 'ಮೆಸಾ' ಮೇಜು. ಬಸವನಬಾಗೇವಾಡಿಯಲ್ಲಿ ಕೂತೇ ನಾಲ್ಕು ಪದ ಕಲಿತಿರಿ ನೋಡಿ.

ವಯಸ್ಸಿನ ಮಾತಿಗೆ ಬರೋಣ. 'ಕ್ವಾಂತೊಸ್ ಆನ್ಯೊಸ್ ಮೆ ಎಚಾಸ್?' ಅಂದರೆ ನನಗೆ ಎಷ್ಟು ವರ್ಷ ಇರಬಹುದು, ಅಂದಾಜು ಹಾಕು. 'ಅಂದಾಜು ಹಾಕು' ಅನ್ನುತ್ತೇವಲ್ಲ, ಅಲ್ಲೂ ಹಾಕುವುದೇ! ಉತ್ತರ 'ತೆ ಎಚೊ ಕ್ವಾರೆಂತಾ', ನಿನಗೆ ನಲವತ್ತು ಇರಬಹುದು. ಹೆಣ್ಣುಮಕ್ಕಳು ಕೇಳಿದರೆ ಹತ್ತು ಇಳಿಸಿಯೇ ಹೇಳಬೇಕು, ಆ ನಿಯಮ ಎರಡೂ ದೇಶದಲ್ಲಿ ಒಂದೇ.

ಇಷ್ಟಕ್ಕೇ 'ಎಚಾರ್ ಅಂದರೆ ಹಾಕು' ಅಂತ ಬರೆದುಕೊಂಡು ಪುಸ್ತಕ ಮುಚ್ಚಿಬಿಟ್ಟೀರಿ, ತಡೆಯಿರಿ. ನಮ್ಮ 'ಹಾಕು' ಹೋದಲ್ಲೆಲ್ಲ ಎಚಾರ್ ಬರುವುದಿಲ್ಲ. ಅಂಗಿ ಹಾಕಿಕೊಳ್ಳುವುದು 'ಪೊನೆರ್‌ಸೆ'. ಕೋಳಿ ತತ್ತಿ ಹಾಕುವುದು 'ಪೊನೆರ್'. ಅರಿವೆ ಒಣ ಹಾಕುವುದು 'ತೆಂದೆರ್'. ಮೈಸೂರು ಕಡೆಯವರು ಲೈಟ್ ಹಾಕು ಅಂತಾರೆ, ನಾವು ಹಚ್ಚು ಅಂತೀವಿ. ಸ್ಪೇನಿನವರು ನಮ್ಮ ಪಾರ್ಟಿ, ದೀಪ ಹಚ್ಚುವುದಕ್ಕೂ ಲೈಟ್ ಹಚ್ಚುವುದಕ್ಕೂ 'ಎನ್ಸೆಂದೆರ್' ಒಂದೇ.

ಕೈಯ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. 'ಎಚಾರ್ ಉನಾ ಮಾನೊ', ಅಕ್ಷರಕ್ಕೆ ಅಕ್ಷರ ಇಟ್ಟರೆ 'ಒಂದು ಕೈ ಹಾಕು'. ಅರ್ಥ ಮಾತ್ರ ನೆರವಾಗು, ಕೈ ಜೋಡಿಸು. ನಮ್ಮಲ್ಲಿ 'ಅವನು ಈ ವ್ಯವಹಾರದಲ್ಲಿ ಕೈ ಹಾಕ್ಯಾನ' ಅಂದರೆ ನೆರವಿಗೆ ಬಂದಿದ್ದಾನೋ ತಲೆ ತೂರಿಸಿದ್ದಾನೋ, ಹೇಳುವವರ ಮುಖ ನೋಡಿಯೇ ತಿಳಿಯಬೇಕು. ಸ್ಪ್ಯಾನಿಷಿನಲ್ಲಿ ಆ ಅನುಮಾನ ಇಲ್ಲ. ಆದರೆ ನಡುವಿನ 'ಉನಾ' ಬಿಟ್ಟು 'ಎಚಾರ್ ಮಾನೊ ದೆ' ಅಂದಿರೋ, ಅರ್ಥ ಬೇರೆ: ಇರುವುದನ್ನು ಬಳಸಿಕೊಳ್ಳುವುದು, ಉಳಿತಾಯದ ಹಣಕ್ಕೆ ಕೈ ಹಚ್ಚಿದರು ಅಂತೀವಲ್ಲ, ಹಾಗೆ.

ಕಣ್ಣಿನದೂ ಇದೇ ಕತೆ. ಯಾವುದೋ ಸೀರೆಯ ಮೇಲೆ, ಸೈಟಿನ ಮೇಲೆ ಕಣ್ಣು ಹಾಕುವುದು 'ಎಚಾರ್ ಎಲ್ ಒಹೊ', ಥೇಟ್ ನಮ್ಮದೇ. ಸುಮ್ಮನೆ ಕಣ್ಣು ಹಾಯಿಸುವುದು 'ಎಚಾರ್ ಉನ್ ಬಿಸ್ತಾಸೊ'. ಮಗುವಿಗೆ ಕೆಟ್ಟ ದೃಷ್ಟಿ ತಾಗಿಸುವುದು 'ಎಚಾರ್ ಮಾಲ್ ದೆ ಒಹೊ'. ಹೌದು, ಅವರಲ್ಲೂ ದೃಷ್ಟಿಯ ನಂಬಿಕೆ ಇದೆ, ಹಸುಳೆಗಳಿಗೆ ಕೆಂಪು ದಾರ ಕಟ್ಟುವವರೂ ಇದ್ದಾರೆ.

ಇನ್ನು ಹಾಕುವುದಕ್ಕೂ ಒಗೆಯುವುದಕ್ಕೂ ಸಂಬಂಧವೇ ಇಲ್ಲದ ಬಳಕೆಗಳು. 'ಎಚೊ ಆ ಕೊರ್ರೆರ್' ಅಂದರೆ ಓಟ ಕಿತ್ತ. 'ಸೆ ಎಚೊ ಆ ಯೊರಾರ್', ಒಮ್ಮೆಲೇ ಅಳಲು ಶುರು ಮಾಡಿದಳು. ತಟ್ಟನೆ ಶುರುವಾಗುವ ಕ್ರಿಯೆಗೆ ಹೀಗೆ ಎಚಾರ್ ಹಚ್ಚುತ್ತಾರೆ, ನಿಧಾನಕ್ಕೆ ಶುರುವಾಗುವುದಕ್ಕಲ್ಲ. ಹಾಲು ಕೆಟ್ಟರೆ 'ಸೆ ಎಚೊ ಆ ಪೆರ್ದೆರ್'. ಮಧ್ಯಾಹ್ನ ಒಂದು ನಿದ್ದೆ ತೆಗೆಯುವುದು 'ಎಚಾರ್ ಉನಾ ಸಿಯೆಸ್ತಾ'. ಕೆಲಸದಿಂದ ಕಿತ್ತು ಹಾಕಿದರೆ 'ಲೊ ಎಚಾರೊನ್ ದೆಲ್ ತ್ರಬಾಹೊ', ಇಲ್ಲಿ ಮಾತ್ರ ನೀವು ಬರೆದುಕೊಂಡ 'ಒಗಿ' ಚೆನ್ನಾಗಿ ಕೂರುತ್ತದೆ.

ಅಡುಗೆ ವಿಡಿಯೊ ನೋಡುತ್ತೀರಿ ಅಂದಿರಿ, ಒಂದು ಎಚ್ಚರಿಕೆ ಹೇಳಲೇಬೇಕು. 'ಪೋಲ್ವೊ' ಅಂದರೆ ಪುಡಿ, ಧೂಳು. ಶೇಂಗಾಪುಡಿ ಹಾಕು ಅನ್ನುವ ಉಮೇದಿನಲ್ಲಿ 'ಎಚಾರ್ ಉನ್ ಪೋಲ್ವೊ' ಅನ್ನಬೇಡಿ. ಸ್ಪೇನಿನಲ್ಲಿ ಅದು ಅಡುಗೆಮನೆಯ ಮಾತಲ್ಲ, ಮಲಗುವ ಕೋಣೆಯ ಪೋಲಿ ಮಾತು.

ಮತ್ತೆ ಕಲಿಯುವುದು ಹೇಗೆ? ನಾನು ಬಹಳ ವರ್ಷ ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಯೊಂದರಲ್ಲಿ ಸ್ಪೇನಿನ ಗಿರಾಕಿಗಳ ಪತ್ರ ನೋಡಿಕೊಳ್ಳುತ್ತಿದ್ದೆ. ಅಲ್ಲಿ ಬಿಡಿ ಪದ ಬರೆದುಕೊಂಡರೆ ಪ್ರಯೋಜನವೇ ಇರಲಿಲ್ಲ. ಕಾದ ಕಬ್ಬಿಣವನ್ನು ಅಚ್ಚಿಗೆ ಹೊಯ್ಯುವುದಕ್ಕೆ ಅವರ ಪದ 'ಕೊಲಾರ್'. ಅದೇ ಕೊಲಾರ್ ಮನೆಯಲ್ಲಿ ಚಹಾ ಸೋಸುವುದು! ಯಾವುದರ ಜೊತೆ ಬಂತು ಅನ್ನುವುದರ ಮೇಲೆ ಅರ್ಥ. ಹಾಗಾಗಿ ನನ್ನ ನೋಟಬುಕ್ಕಿನಲ್ಲಿ ಒಂಟಿ ಪದ ಇರುತ್ತಿರಲಿಲ್ಲ, ಜೋಡಿಯೇ ಇರುತ್ತಿತ್ತು. ನೀವೂ ಎಚಾರ್ ಅಂತ ಒಂದು ಪುಟ ಮಾಡಿ, ಕೆಳಗೆ ಉಪ್ಪಿನ ಜೊತೆ, ಕೀಲಿಯ ಜೊತೆ, ಕೈಯ ಜೊತೆ ಅಂತ ಜೋಡಿಗಳನ್ನು ಬರೆಯುತ್ತ ಹೋಗಿ. ಎದುರಿಗೆ ಶಬ್ದಕೋಶದ ಕನ್ನಡ ಬೇಡ, ನಿಮ್ಮ ಮನೆಯಲ್ಲಿ ಆ ಹೊತ್ತಿಗೆ ಏನು ಅನ್ನುತ್ತಾರೋ ಅದನ್ನೇ ಬರೆಯಿರಿ. ಅನುಮಾನ ಬಂದಾಗ ಸ್ಪೇನಿನ ರಾಯಲ್ ಅಕಾಡೆಮಿಯ ಶಬ್ದಕೋಶ ನೋಡಿ. 1713ರಲ್ಲಿ ಶುರುವಾದ ಸಂಸ್ಥೆ, ಅವರ ಶಬ್ದಕೋಶ ಈಗ ಇಂಟರ್ನೆಟ್ಟಿನಲ್ಲಿ ಪುಕ್ಕಟೆ. ಅಲ್ಲಿ ಎಚಾರ್ ಪದದ ಅರ್ಥಗಳು ಹತ್ತಾರು ಇವೆ. ಎಲ್ಲ ಓದಬೇಡಿ, ಮತ್ತೆ ತಲೆ ಕೆಡುತ್ತದೆ. ನಿಮಗೆ ಎದುರಾದ ಜೋಡಿಯನ್ನಷ್ಟೇ ಹುಡುಕಿ.

ಪ್ರಶ್ನೆ: 'ಎಚೊ' ಅಂತ ಕೇಳಿಸಿದಾಗ ಸ್ಪ್ಯಾನಿಷಿನಲ್ಲಿ ಒಮ್ಮೆ ಪದದ ಮೊದಲಿಗೆ ಎಚ್ (h) ಅಕ್ಷರ ಇರುತ್ತದೆ, ಒಮ್ಮೆ ಇರುವುದಿಲ್ಲ. ಉಚ್ಚಾರ ಒಂದೇ. ಯಾವಾಗ ಯಾವುದು?
— ಕಾಲೇಜು ವಿದ್ಯಾರ್ಥಿನಿ, ನವನಗರ, ಬಾಗಲಕೋಟೆ

ಉತ್ತರ: ಸ್ಪೇನಿನ ಮಕ್ಕಳೂ ಇದರಲ್ಲೇ ಮಾರ್ಕ್ಸ್ ಕಳೆದುಕೊಳ್ಳುವುದು, ದೊಡ್ಡವರೂ ವಾಟ್ಸ್‌ಆ್ಯಪ್‌ನಲ್ಲಿ ಎಡವುತ್ತಾರೆ. 'ಮಾಡು' ಅನ್ನುವ ಅರ್ಥದ 'ಅಸೆರ್' ಕ್ರಿಯಾಪದದಿಂದ ಬಂದ ಎಚೊ, ಅಂದರೆ 'ಮಾಡಿದ, ಆಗಿದ್ದು', ಇದಕ್ಕೆ ಎಚ್ ಬೇಕು. 'ಹಾಕುತ್ತೇನೆ' ಅನ್ನುವ ಎಚೊಗೆ ಎಚ್ ಬೇಡ. ಎಚಾರ್‌ನ ಯಾವ ರೂಪಕ್ಕೂ ಬೇಡ. 'ಎಚಾರ್ ತನ್ನ ಎಚ್ಚನ್ನೇ ಹೊರಗೆ ಹಾಕಿದೆ' ಅಂತ ಅಲ್ಲಿನ ಶಾಲೆಗಳಲ್ಲಿ ಹೇಳಿಕೊಡುತ್ತಾರೆ.

ಕಾರಣ ಗೊತ್ತಾದರೆ ಮರೆಯುವುದಿಲ್ಲ. ಲ್ಯಾಟಿನ್ನಿನಲ್ಲಿ ಪದದ ಮೊದಲಲ್ಲಿ ಇದ್ದ ಫಕಾರ ಸ್ಪ್ಯಾನಿಷಿನಲ್ಲಿ ಎಷ್ಟೋ ಕಡೆ ಹಕಾರವಾಯಿತು, ಆಮೇಲೆ ಆ ಹಕಾರದ ದನಿಯೂ ಹೋಯಿತು, ಬರವಣಿಗೆಯಲ್ಲಿ ಅಕ್ಷರ ಉಳಿಯಿತು. 'ಫಾಕ್ತುಮ್' ಇದ್ದದ್ದು ಎಚ್ ಇರುವ ಎಚೊ ಆಯಿತು. 'ಫರೀನಾ' ಇದ್ದದ್ದು 'ಅರಿನಾ' ಆಯಿತು, ಹಿಟ್ಟು ಅಂತ ಅರ್ಥ, ಅದಕ್ಕೂ ಬರವಣಿಗೆಯಲ್ಲಿ ಎಚ್ ಇದೆ. ಎಚಾರ್ ಬಂದದ್ದು ಫಕಾರವೇ ಇಲ್ಲದ ಯಾಕ್ತಾರೆಯಿಂದ, ಅದಕ್ಕೆಲ್ಲಿಂದ ಬಂತು ಎಚ್? ನೀವು ಕನ್ನಡ ಸಾಹಿತ್ಯ ಓದುತ್ತಿದ್ದರೆ ಇದು ಹೊಸದಲ್ಲ. ಹಳಗನ್ನಡದ 'ಪಾಲ್' ನಮ್ಮಲ್ಲಿ 'ಹಾಲು' ಆಯಿತು, ದಕ್ಷಿಣದ ಕೆಲವರ ಬಾಯಲ್ಲಿ 'ಆಲು' ಆಯಿತು. ಆದರೆ ಬರೆಯುವಾಗ ಅವರೂ ಹಾಲು ಅಂತಲೇ ಬರೆಯುತ್ತಾರಲ್ಲ.

ಪ್ರಶ್ನೆ: ಬಾಯಾರ, ನಮ್ಮ ಮಗಳು ಓದಾಕಂತ ಸ್ಪೇನ್‌ಕ್ಕ ಹೋಗ್ಯಾಳ. 'ನಿನ್ನ ನೆನಪು ಭಾಳ ಆಗತೈತಿ' ಅಂತ ಆಕಿಗೆ ಅಲ್ಲಿ ಭಾಷಾದಾಗ ಮೆಸೇಜ್ ಕಳಸಬೇಕಂತ ಆಸೆ. ಮೊಬೈಲ್ 'ತೆ ಎಚೊ ದೆ ಮೆನೊಸ್' ಅಂತ ತೋರಸ್ತು. ಪಕ್ಕದ ಮನಿ ಹುಡುಗ 'ಮೆನೊಸ್ ಅಂದ್ರ ಕಡಿಮಿ, ಕಳಸಬ್ಯಾಡ್ರಿ' ಅಂದ. ಕಳಸಲ್ಯೋ ಬ್ಯಾಡೋ?
— ತಾಯಿಯೊಬ್ಬರು, ಶಹಾಪುರ, ಬೆಳಗಾವಿ

ಉತ್ತರ: ಧಾರಾಳವಾಗಿ ಕಳಸ್ರಿ. ಆ ಹುಡುಗ ಹೇಳಿದ್ದೂ ಸುಳ್ಳಲ್ಲ, ಮೆನೊಸ್ ಅಂದರೆ ಕಡಿಮೆ. ಆದರೆ ಈ ಜೋಡಿ ಎಚಾರ್‌ನ ಸ್ವಂತದ್ದಲ್ಲ. ಪೋರ್ಚುಗೀಸಿನಲ್ಲಿ 'ಅಶಾರ್' ಅಂದರೆ ಕಂಡುಕೊಳ್ಳುವುದು, 'ಅಶಾರ್ ಮೆನೊಸ್' ಅಂದರೆ ಇರಬೇಕಾದವರು ಇಲ್ಲ, ಕಡಿಮೆ ಕಾಣುತ್ತಿದ್ದಾರೆ ಅನ್ನುವುದು. ನೆರೆಮನೆಯ ಆ ಮಾತನ್ನು ಸ್ಪೇನಿನವರು ಕಿವಿಗೆ ಬಿದ್ದಂತೆ ಎಚಾರ್ ಮಾಡಿಕೊಂಡರು. ಹಾಗಾಗಿ ಇಲ್ಲಿ ಹಾಕುವುದನ್ನು ಹುಡುಕಲು ಹೋಗಬೇಡಿ. ಊಟಕ್ಕೆ ಕೂತಾಗ ಒಂದು ತಾಟು ಕಡಿಮೆ ಕಾಣುತ್ತದಲ್ಲ, ಅದೇ ಅದು.

ನೀವೊಬ್ಬರೇ ಬರೆದರೆ 'ತೆ ಎಚೊ ದೆ ಮೆನೊಸ್, ಇಹಾ'. ಇಹಾ ಅಂದರೆ ಮಗಳೇ. ಮನೆಯವರು ಎಲ್ಲ ಸೇರಿ ಅನ್ನುವುದಾದರೆ 'ತೆ ಎಚಾಮೊಸ್ ದೆ ಮೆನೊಸ್'. ಕನ್ನಡದಲ್ಲಿ ನೆನಪು ತಾನಾಗಿ ನಮಗೆ ಆಗುತ್ತದೆ, ಸ್ಪ್ಯಾನಿಷಿನಲ್ಲಿ ಅದನ್ನು ನಾವು ಮಾಡುತ್ತೇವೆ, ಅದಕ್ಕೇ 'ನನಗೆ' ಅನ್ನುವುದಕ್ಕೆ ಇಲ್ಲಿ ಜಾಗ ಇಲ್ಲ. ಮುಂದೆ ಮಗಳಿಗೆ ಮೆಕ್ಸಿಕೊದ ಗೆಳತಿ ಸಿಕ್ಕರೆ ಆಕೆ 'ತೆ ಎಕ್ಸ್ತ್ರಾನ್ಯೊ' ಅನ್ನುತ್ತಾಳೆ. ಲ್ಯಾಟಿನ್ ಅಮೆರಿಕದ ಹೆಚ್ಚಿನ ಕಡೆ ಅದೇ ರೂಢಿ. ಅರ್ಥ ಬದಲಾಗುವುದಿಲ್ಲ.

ಪ್ರಶ್ನೆ: ನಮ್ಮದು ಮಣೂಕದ (ಒಣದ್ರಾಕ್ಷಿ) ವ್ಯಾಪಾರ. ಸ್ಪ್ಯಾನಿಷಿನಾಗ ಮಣೂಕಕ್ಕ 'ಪಾಸಾ' ಅಂತಾರಂತ. 'ಕೆ ಪಾಸಾ' ಅಂದ್ರ 'ಏನಾತು' ಅಂತನೂ ಕೇಳೀನಿ. ಎರಡೂ ಒಂದೇ ಪದ ಏನ್ರಿ?
— ವ್ಯಾಪಾರಿ, ತಿಕೋಟಾ

ಉತ್ತರ: ದನಿ ಒಂದೇ, ಕೆಲಸ ಬೇರೆ. 'ಕೆ ಪಾಸಾ'ದ ಪಾಸಾ 'ಪಸಾರ್' ಕ್ರಿಯಾಪದದ್ದು: ಆಗು, ದಾಟು, ಹಾದುಹೋಗು. ನಿಮ್ಮ ಸರಕಿನ ಪಾಸಾ ಲ್ಯಾಟಿನ್ನಿನ 'ಊವಾ ಪಾಸ್ಸಾ' ಅನ್ನುವುದರ ಉಳಿಕೆ, ಹರಡಿದ ದ್ರಾಕ್ಷಿ ಅಂತ. ಒಣಗಲು ಹರಡುತ್ತಾರಲ್ಲ, ಹೆಸರು ಅದಕ್ಕೇ. ಈಗಲೂ ಪೂರ್ತಿಯಾಗಿ ಹೇಳುವಾಗ 'ಊವಾ ಪಾಸಾ' ಅಂತಾರೆ, ಹಸಿ ದ್ರಾಕ್ಷಿ ಬರೀ 'ಊವಾ'.

ನಿಮ್ಮ ಕಸುಬಿನವರಿಗೆ ಹಿಡಿಸುವ ಇನ್ನೊಂದು ವಿಷಯ. ಸ್ಪೇನಿನ ದಕ್ಷಿಣದಲ್ಲಿ ಮಾಲಗಾ ಅಂತ ಊರಿದೆ, ಅದರ ಪೂರ್ವಕ್ಕೆ ಅಕ್ಸಾರ್ಕಿಯಾ ಅನ್ನುವ ಗುಡ್ಡಗಾಡು. ಅಲ್ಲಿನವರ ಮಣೂಕ ಹೆಸರುವಾಸಿ, ತಳಿ ಮೊಸ್ಕಾತೆಲ್. ನೀವು ದ್ರಾಕ್ಷಿಯನ್ನು ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ನೀರಲ್ಲಿ ಅದ್ದಿ, ಶೆಡ್ಡಿನ ಜಾಳಿಗೆಯ ಮೇಲೆ ನೆರಳಲ್ಲಿ ಒಣಗಿಸುತ್ತೀರಿ. ಅವರು ಇಳಿಜಾರಿನಲ್ಲಿ ಬಿಸಿಲಿಗೆ ಮುಖ ಮಾಡಿದ ಮಡಿಗಳನ್ನು ಮಾಡಿ, ಗೊಂಚಲನ್ನು ಹಾಗೇ ಬಿಸಿಲಲ್ಲಿ ಹರಡಿ, ಕೈಯಿಂದಲೇ ಮಗ್ಗುಲು ಮಗುಚುತ್ತಾರೆ. ಆ ಮಡಿಗೆ 'ಪಸೆರೊ' ಅಂತ ಹೆಸರು. ಬಣ್ಣ ಕಪ್ಪಗಾಗುತ್ತದೆ, ನಿಮ್ಮ ಮಾಲಿನ ಹಸಿರು ಹೊಳಪು ಅದಕ್ಕಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಆ ಪದ್ಧತಿಯನ್ನು ಜಗತ್ತಿನ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿದೆ. ಇನ್ನು ಹಸಿ ದ್ರಾಕ್ಷಿಯ ಲೆಕ್ಕ: ಡಿಸೆಂಬರ್ 31ರ ನಡುರಾತ್ರಿ ಗಂಟೆ ಹನ್ನೆರಡು ಹೊಡೆಯುವಾಗ ಒಂದೊಂದು ಹೊಡೆತಕ್ಕೆ ಒಂದೊಂದರಂತೆ 12 ದ್ರಾಕ್ಷಿ ತಿನ್ನುವುದು ಸ್ಪೇನಿನ ಮನೆಮನೆಯ ಪದ್ಧತಿ.

ಮಾಲಿನ ಮೇಲೆ ಚೀಟಿ ಅಂಟಿಸುವುದಿದ್ದರೆ ಬಹುವಚನದಲ್ಲಿ 'ಪಾಸಾಸ್' ಅಂತ ಬರೆಯಿರಿ. ಬೀಜ ಇಲ್ಲದ್ದಕ್ಕೆ 'ಸಿನ್ ಸೆಮಿಯಾಸ್'. ಮಣೂಕಕ್ಕೆ ಸಕ್ಕರಿ ಹಾಕಿಲ್ಲ ಅನ್ನಲು ಚೀಟಿಯ ಮೇಲೆ ಎಚಾರ್ ಬಳಸುವುದಿಲ್ಲ, 'ಸಿನ್ ಅಸೂಕಾರ್ ಅನ್ಯಾದಿದೊ' ಅಂತಾರೆ, ಹೊರಗಿನ ಸಕ್ಕರೆ ಸೇರಿಸಿಲ್ಲ ಅಂತ.

ಪ್ರಶ್ನೆ: ಊರಲ್ಲಿ ಮೂರು ತಿಂಗಳ ಕ್ಲಾಸ್ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. ಕೆಲಸಕ್ಕೆ ಅದು ನಡೆಯುತ್ತದಾ?
— ಓದುಗರೊಬ್ಬರು, ಜಮಖಂಡಿ

ಉತ್ತರ: ಕ್ಲಾಸಿಗೆ ಹೋಗಿ, ಬಾಯಿ ತಿರುಗುತ್ತದೆ. ಆದರೆ ಪರದೇಶದ ಕಾಲೇಜು, ಕಂಪನಿಗಳು ಕೇಳುವುದು ಸಾಮಾನ್ಯವಾಗಿ 'ದೆಲೆ' ಅನ್ನುವ ಪರೀಕ್ಷೆಯ ಪತ್ರವನ್ನು. ಸ್ಪೇನ್ ಸರ್ಕಾರದ ಶಿಕ್ಷಣ ಇಲಾಖೆಯ ಪರವಾಗಿ ಇನ್ಸ್ತಿತೂತೊ ಸೆರ್ವಾಂತೆಸ್ ಅದನ್ನು ನಡೆಸುತ್ತದೆ, ಭಾರತದಲ್ಲಿ ಅವರ ಕೇಂದ್ರ ನವದೆಹಲಿಯಲ್ಲಿದೆ. ಎಲ್ಲಕ್ಕಿಂತ ಕೆಳಗಿನ ಎ1ರಿಂದ ಸಿ2ವರೆಗೆ ಆರು ಹಂತ. ಒಮ್ಮೆ ಪಾಸಾದರೆ ಆ ಪತ್ರಕ್ಕೆ ಅವಧಿ ಮುಗಿಯುವುದಿಲ್ಲ. ಕಂಪ್ಯೂಟರಿನಲ್ಲಿ ಬರೆಯುವ 'ಸಿಯೆಲೆ' ಅಂತ ಇನ್ನೊಂದಿದೆ, ಅದು ಐದು ವರ್ಷಕ್ಕೆ ಮಾತ್ರ. ಎ1ಕ್ಕೆ ಓದು-ಬರಹ ಒಂದು ಗುಂಪು, ಕೇಳುವುದು-ಮಾತಾಡುವುದು ಒಂದು ಗುಂಪು, ಎರಡರಲ್ಲೂ 50ಕ್ಕೆ 30 ಬರಬೇಕು. ಒಂದರಲ್ಲಿ ಹೆಚ್ಚು ಬಂತು ಅಂತ ಇನ್ನೊಂದರ ಕೊರತೆ ತುಂಬುವುದಿಲ್ಲ. ಫಾರ್ಮಿನಲ್ಲಿ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ತುಂಬಿ. ನಮ್ಮ ಕಡೆ ಅಪ್ಪನ ಹೆಸರು, ಅಡ್ಡಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ತರಹ ಇರುತ್ತವೆ.